ಆರು ಹೊತ್ತಿನ ಹನಿ

ಮೊದಲನೇ ಕಣ್ಣಿನ ಪೊರೆ ತೆಗೆದಾಗ
ಚೀಟಿ ಬರೆದುಕೊಟ್ಟಿದ್ದರು: ದಿನಕ್ಕೆ ಆರು ಸಲ, ಒಂದು ವಾರ,
ಆಮೇಲೆ ಐದು, ಆಮೇಲೆ ನಾಲ್ಕು,
ಹಿಂಗೇ ಇಳೀತಾ ಇಳೀತಾ ಒಂದು.
ಅರಳೆ ಹಿಂಜಿ ಹಿಂಜಿ ನಡುಗೋ ಕೈ ನಂದು.
ಹನಿ ಮೂಗಿನ ಮೇಲೆ, ಹನಿ ಕಿವಿಯೊಳಗೆ,
ಒಂದು ಸಲ ಗಾದಿಯ ಮೇಲೇ ಬಿತ್ತು,
ಗಿರಾಕಿಯದು, ಮದುವೆ ಗಾದಿ.

ಹಗೇದಿಬ್ಬದ ಈ ಓಣಿಯಲ್ಲಿ ನಮ್ಮಿಬ್ಬರಿಗೂ ಒಂದೇ ಗೋಡೆ.
ಆ ಕಡೆ ಓರಗಿತ್ತಿ ಮೌಲಾಬಿ, ಈ ಕಡೆ ನಾನು.
ಹಿಂಜೋ ಮಿಷನ್ನು ಯಾರ ಪಾಲು ಅಂತ
ಗಂಡಂದಿರು ಜಗಳಾಡಿದರು. ಇಬ್ಬರೂ ಹೋದರು.
ಮಿಷನ್ನೂ ಗುಜರಿಗೆ ಹೋಯ್ತು.
ಮಾತು ಬಿಟ್ಟಿದ್ದು ಮಾತ್ರ ನಮ್ಮ ಪಾಲಿಗೆ ಉಳೀತು,
ಹನ್ನೊಂದು ವರ್ಷ.

ಎರಡನೇ ದಿನ ಅವಳೇ ಬಂದಳು. ಕರೆದಿರಲಿಲ್ಲ.
ನಾನು ಬಾಟ್ಲಿಗೆ ಬೈಯೋದು ಗೋಡೆ ದಾಟಿ ಕೇಳಿಸಿತ್ತಂತೆ.
ಕೈಯಿಂದ ಕಿತ್ತುಕೊಂಡು "ಮಲಕ್ಕೋ" ಅಂದಳು.
ಅಷ್ಟು ವರ್ಷದ ಮೇಲೆ ಆಡಿದ ಮೊದಲ ಮಾತು,
ಮಲಕ್ಕೋ.
ಬೆರಳಿಗೆ ಮಂಡಕ್ಕಿ ಒಗ್ಗರಣೆ ವಾಸನೆ.
ಕೆಳರೆಪ್ಪೆ ಎಳೆದು, ತುಟಿ ಕಚ್ಚಿ,
ಸೂಜಿಗೆ ದಾರ ಪೋಣಿಸೋ ಹಂಗೆ
ಒಂದೇ ಹನಿ. ತಣ್ಣಗೆ.
ಆಮೇಲೆ ಗಂಟಲಲ್ಲಿ ಕಹಿ.

ಆರು ಸಲ ಬಂದ ವಾರ ಆರೇ ಮಾತು.
ನಾಲ್ಕಕ್ಕೆ ಇಳಿದಾಗ ಚಾ ಕುಡಿದಳು.
ಎರಡಕ್ಕೆ ಬರೋ ಹೊತ್ತಿಗೆ ಎದ್ದು ಹೋಗೋದೇ ಮರೀತಿದ್ದಳು:
ಗಂಡನ ಕೊನೇ ಕೆಮ್ಮು, ತನ್ನ ಸಕ್ಕರೆ ಕಾಯಿಲೆ,
ಭಟ್ಟಿ ಹೊಗೆಗೆ ಕಪ್ಪಾಗೋ ಒಗೆದ ಬಟ್ಟೆ.
ಒಂದಾಯ್ತು. ಮುಗೀತು.
ಆಮೇಲೆ ಮೂರು ತಿಂಗಳು ಗೋಡೆ ಗೋಡೆಯಾಗೇ ಇತ್ತು.
ಬರೋಕೆ ನೆಪ ಬೇಕಲ್ಲ.

ಈ ಸಲ ಎಡಗಣ್ಣು.
ಎಳೇ ಪ್ರಾಯದ ಡಾಕ್ಟರಮ್ಮ ಲೆನ್ಸು ತೋರಿಸಿದಳು,
ಹುಣಸೇಬೀಜದ ಅರ್ಧವೂ ಇಲ್ಲ.
"ಇದರ ಅಂಚಲ್ಲೇ ಔಷಧಿ ಇದೆ ಅಜ್ಜಿ,
ಒಳಗೆ ಕೂತು ತಾನೇ ಜಿನುಗುತ್ತೆ, ವಾರಗಟ್ಟಲೆ.
ಇನ್ನೂ ಪರೀಕ್ಷೆ ನಡೀತಿದೆ, ಒಪ್ಪಿದರೆ ಸಹಿ ಮಾಡಿ.
ಹನಿ ಹಾಕೋಕೆ ಯಾರನ್ನೂ ಕಾಡೋ ಹಂಗಿಲ್ಲ."
ಯಾರನ್ನೂ ಕಾಡೋ ಹಂಗಿಲ್ಲ.
ಸಹಿ ಮಾಡಿದೆ. ಯಾಕೆ ಅಂತ ಕೇಳಬ್ಯಾಡಿ,
ಬ್ಯಾಡ ಅಂದಿದ್ದರೆ ಕಾರಣ ಹೇಳಬೇಕಿತ್ತು.

ಅರಳೆ ತುಂಬಿ ಗಾದಿಯ ಬಾಯಿ ಹೊಲಿದಂಗೆ
ಈಗ ಕಣ್ಣೊಳಗೆ ಔಷಧಿ.
ಎಂಟಾಯ್ತು. ಹತ್ತಾಯ್ತು.
ಜಿನುಗುತ್ತಿತ್ತೋ ಏನೋ, ಗಂಟಲಿಗೆ ಕಹಿ ಬರಲಿಲ್ಲ.

ಹನ್ನೊಂದಕ್ಕೆ ಹೊಸ್ತಿಲಾಚೆ ಚಪ್ಪಲಿ ಬಿಟ್ಟ ಸದ್ದು.
"ಬಾಟ್ಲಿ ಎಲ್ಲಿ?"
"ಈ ಸಲ ಇಲ್ಲ. ಒಳಗೇ ಐತಂತೆ."
ನಂಬೋ ಪೈಕಿ ಅಲ್ಲ ಅವಳು.
"ಮಲಕ್ಕೋ" ಅಂದಳು.

ರೆಪ್ಪೆ ಎಳೆದು, ಬಗ್ಗಿ, ಹುಡುಕಿದಳು
ಅಕ್ಕಿಯಲ್ಲಿ ಕಲ್ಲು ಹುಡುಕೋ ಹಂಗೆ.
ಅವಳ ಮುಖ ಇಷ್ಟು ಹತ್ತಿರ.
ಮೂಗುಬೊಟ್ಟು, ಹೋದ ಸಲ ಇತ್ತು.
ತೂತಿನಲ್ಲಿ ಈಗ ಒಂದು ಬೇವಿನ ಕಡ್ಡಿ.
ಯಾವಾಗ ಅಡ ಇಟ್ಟೆಯೇ, ಅಂತ
ಕೇಳೋಕೆ ಬಾಯಿ ತೆರೆದೆ.

"ಅಲುಗಾಡಬ್ಯಾಡ" ಅಂದಳು,
"ಏನೂ ಕಾಣ್ತಿಲ್ಲ."
ಕೈ ಮಾತ್ರ ತೆಗೆಯಲಿಲ್ಲ.