ಎಡಗೈ

ಶನಿವಾರ ಎರಡೂವರೆಗೆ ಗೇರುಬೀಜದ ಫ್ಯಾಕ್ಟರಿಯ ಲೆಕ್ಕದ ಪುಸ್ತಕ ಮುಚ್ಚಿ
ಬಂದರಿನ ಗಲ್ಲಿಯ ಒಣಮೆಣಸಿನ ಮೂಟೆಗಳ ನಡುವೆ ಸೀನುತ್ತಾ
ಬೆಂಗರೆಯ ದೋಣಿ ಹಿಡಿಯುತ್ತೇನೆ.
ಚೀಲದಲ್ಲಿ ಹಗ್ಗದ ತುಂಡುಗಳು, ಸೀಟಿ, ಹಾಜರಿ ಪಟ್ಟಿ,
ಮೂರು ಸುತ್ತು ಬ್ಯಾಂಡೇಜು, ಲಿಂಬೆ ಪೆಪ್ಪರ್‌ಮಿಂಟು.

ದೋಣಿಯ ಹಸೈನಾರ್ ಪ್ರತಿ ಸಲ ಕೇಳುತ್ತಾರೆ:
"ಟೀಚರೇ, ಇದಕ್ಕೆಲ್ಲ ಎಷ್ಟು ಕೊಡ್ತಾರೆ?"
ಟೀಚರಲ್ಲ ನಾನು. ಗೈಡ್ ಕ್ಯಾಪ್ಟನ್. ಏನೂ ಕೊಡುವುದಿಲ್ಲ.
"ಮತ್ತೆ ಎಂಥ ಸಾವಿಗೆ?" ಎಂದು ನಗುತ್ತಾರೆ,
ನನ್ನ ಚಿಲ್ಲರೆಯನ್ನು ಮಾತ್ರ ಎಣಿಸಿಯೇ ತೆಗೆದುಕೊಳ್ಳುತ್ತಾರೆ.
ಏಳು ವರ್ಷವಾಯಿತು.
ಉತ್ತರ ನೆನಪಾಗುವಷ್ಟರಲ್ಲಿ ಆಚೆ ದಡ ಬಂದಿರುತ್ತದೆ.

ಪಡೆಗಳಿಗೆ ಹೂವಿನ ಹೆಸರಿಡಬೇಕೆಂದಿದ್ದರು.
ಮಲ್ಲಿಗೆ, ಸಂಪಿಗೆ, ಕಮಲ ಎಂದು ಬರೆದುಕೊಂಡು ಹೋಗಿದ್ದೆ.
"ಅಕ್ಕಾ, ಈ ಹೊಯಿಗೆಯಲ್ಲಿ ಕಮಲ ಎಲ್ಲಿಂದ?" ಅಂದವಳು ಮಿಸ್ರಿಯಾ.
ಹಾಗಾಗಿ ರಿಜಿಸ್ಟರಿನಲ್ಲಿ ಇಂದಿಗೂ ಮೂರು ಹೂವು.
ಸೀಟಿ ಊದಿದರೆ ಓಡಿ ಬಂದು ಸಾಲು ನಿಲ್ಲುವುದು
ಬಂಗುಡೆ, ಬೂತಾಯಿ, ಅಂಜಲ್.
ಅಂಜಲಿನವರಿಗೆ ಸ್ವಲ್ಪ ಜಂಬ. ರೇಟು ಜಾಸ್ತಿಯಲ್ಲವಾ.

ಪುಸ್ತಕ ನೋಡಿ ಕಲಿತ ಗಂಟು ಕಲಿಸುತ್ತೇನೆ:
ಬಲದ ತುದಿ ಎಡದ ಮೇಲೆ, ಎಡದ ತುದಿ ಬಲದ ಮೇಲೆ.
ಬಲೆ ಹೆಣೆಯುವವರ ಮಕ್ಕಳು
ನನ್ನ ಮರ್ಯಾದೆ ಉಳಿಸಲು ನಿಧಾನ ಕಲಿಯುತ್ತಾರೆ.

ಗೈಡುಗಳು ಎಡಗೈ ಕುಲುಕಬೇಕು,
ಅದು ಹೃದಯದ ಕಡೆಯ ಕೈ, ಅಂದ ಮರುವಾರ
ಹರ್ಷಿಣಿಯ ಅಜ್ಜಿ ಅಪ್ಪಿಯಮ್ಮ ಶಾಲೆಯ ಜಗಲಿಗೇ ಬಂದರು.
"ಎಡಗೈ ಕೊಡ್ಲಿಕ್ಕೆ ಕಲಿಸುದಂತೆ?
ನಾಳೆ ಮದುವೆ ಮನೆಯಲ್ಲಿ ಎಡಗೈಯಲ್ಲಿ ಅನ್ನ ಬಡಿಸಿದರೆ?"
ಹೃದಯದ ಮಾತು ಹೇಳಿದೆ.
ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು ಕೇಳಿದರು:
"ಇಲ್ಲಿಂದ ಅಷ್ಟು ದೂರವಾ ಅದು?"

ಮೂಡುಬಿದಿರೆಯ ಶಿಬಿರಕ್ಕೆ ಮೂವತ್ತೊಂದು ಒಪ್ಪಿಗೆ ಚೀಟಿ ಕೊಟ್ಟೆ.
ಸಹಿಯಾಗಿ ಬಂದದ್ದು ಹತ್ತೊಂಬತ್ತು.
ಉಳಿದ ಮನೆಗಳ ಬಾಗಿಲಿಗೆ ಹೋದೆ, ಚಾ ಕುಡಿದೆ.
"ಹೆಣ್ಣುಮಕ್ಕಳು ರಾತ್ರಿ ಟೆಂಟಿನಲ್ಲಾ?" ಅಂದರು
ಹತ್ತು ರಾತ್ರಿ ಕಡಲಲ್ಲಿ ಕಳೆದು ಆಗಷ್ಟೇ ಇಳಿದವರು.
ಹೇಳಲು ಏನೋ ಇತ್ತು. ಚಾ ಬಿಸಿಯಿತ್ತು.
ಮಿಸ್ರಿಯಾಳ ಚೀಟಿ ಬರಲಿಲ್ಲ.
ತನ್ನ ಹಗ್ಗವನ್ನು ಹರ್ಷಿಣಿಯ ಕೈಯಲ್ಲಿ ಕೊಟ್ಟು ಕಳಿಸಿದಳು,
ಟೆಂಟಿಗೆ ಕಟ್ಟಿ ಅಂತ.
ಕಟ್ಟಿದೆವು. ಅದೊಂದೇ ಗಾಳಿಗೆ ಸಡಿಲಲಿಲ್ಲ.

ನಡುರಾತ್ರಿ ಬೂತಾಯಿ ಪಡೆಯ ವಿಯೋಲಾ ಅಳುತ್ತಾ ಬಂದಳು.
ಹೊಟ್ಟೆನೋವಾ? ಅಲ್ಲ. ಮನೆ ನೆನಪಾ? ಅಲ್ಲ.
"ಅಕ್ಕಾ, ಇಲ್ಲಿ ಕಡಲಿನ ಶಬ್ದವೇ ಇಲ್ಲ. ನಿದ್ದೆ ಹೇಗೆ ಬರುದು?"
ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಇದಕ್ಕೆ ಏನೂ ಇರಲಿಲ್ಲ.
ಒಬ್ಬಳು ಶುರುಮಾಡಿದಳು, ಹಲ್ಲಿನ ಸಂದಿಯಲ್ಲಿ, ಶ್‌ಶ್‌ಶ್...
ಆಮೇಲೆ ಎಲ್ಲರೂ; ಕತ್ತಲಲ್ಲಿ ಅಷ್ಟೂ ಬಾಯಿಗಳು
ತೆರೆ ಎಬ್ಬಿಸಿ, ದಡಕ್ಕೆ ತಂದು, ಹಿಂದೆ ಎಳೆದು.
ಪಕ್ಕದ ಶಾಲೆಯ ಕ್ಯಾಪ್ಟನ್
ಹಾವು ಹೊಕ್ಕಿತೆಂದು ಟಾರ್ಚು, ಕೋಲು ಹಿಡಿದು ಓಡಿ ಬಂದರು.
ಅಷ್ಟರಲ್ಲಿ ವಿಯೋಲಾ ಬಾಯಿ ತೆರೆದು ಮಲಗಿದ್ದಳು.
ನಾನು ಮಾತ್ರ ಬೆಳಗಿನವರೆಗೆ ಎದ್ದೇ ಇದ್ದೆ,
ಕೊಡೆಯಾಲಬೈಲಿನಲ್ಲಿ ಹುಟ್ಟಿದವಳು, ಅಲೆಯ ಸದ್ದಿಗೆ ರೂಢಿಯಿಲ್ಲ.

ಮೊನ್ನೆ ಶನಿವಾರ ನೀರು ಎದ್ದಿತ್ತು. ದೋಣಿ ಕಟ್ಟೆಗೆ ಬಡಿಯುತ್ತಿತ್ತು.
ಒಂದು ಕಾಲು ದೋಣಿಯಲ್ಲಿ, ಒಂದು ಮೆಟ್ಟಿಲಲ್ಲಿ,
ಚೀಲದ ಹಗ್ಗವೆಲ್ಲ ಹೆಗಲ ಮೇಲೆ, ನಾನು ತೂಗುತ್ತಿದ್ದಾಗ
ಮೀನು ಮಾರಿ ಮರಳುತ್ತಿದ್ದ ಅಪ್ಪಿಯಮ್ಮ
ತಲೆಯ ಬುಟ್ಟಿಯನ್ನು ಬಲಗೈಯಲ್ಲಿ ಒತ್ತಿ ಹಿಡಿದು
ಎಡಗೈ ಚಾಚಿದರು:
"ಹಿಡಿ ಮಗಾ. ಖಾಲಿ ಇರುವುದು ಇದೇ."

ಕೂತ ಮೇಲೂ ಬಿಡಲಿಲ್ಲ. ಚಿಪ್ಪು ಅಂಟಿದ ಒರಟು ಅಂಗೈ.
ಹಸೈನಾರ್ ದುಡ್ಡಿಗೆ ಬಂದು ನಿಂತರು.
ಒಂದೇ ಕೈಯಲ್ಲಿ ಪರ್ಸಿನ ಜಿಪ್ಪು ತೆಗೆಯಲು
ನನಗೆ ಆಚೆ ದಡದವರೆಗೂ ಆಗಲಿಲ್ಲ.