ಒಳಗೆ ಬಿಟ್ಟ ಬಟ್ಟೆ

ಲಾರಿಯ ಹಳೇ ತಾಡಪತ್ರಿ, ಕಿಲೋಗೆ ಅರವತ್ತರಂತೆ,
ಜಿಲಾನಿಯ ಸೈಕಲ್ ಅಂಗಡಿ ಪಕ್ಕದ ಗುಜರಿಯಲ್ಲಿ ಸಿಕ್ಕಿತು.
ಡೀಸೆಲ್ ವಾಸನೆ ಹೋಗಲೆಂದು ಮೂರು ಸಲ ಒಗೆದೆ. ಹೋಗಲಿಲ್ಲ.
ಇರಲಿ, ದಾರಿಯ ವಾಸನೆ ಮತ್ತೆ ದಾರಿಗೇ ಹೊರಟಿದೆ.

ಜಂಪರು ಹೊಲಿಯುವ ಮಷಿನ್ನಿಗೆ ಇದು ಹೊಸ ಕೆಲಸ.
ಎರಡು ಸೂಜಿ ಮುರಿದವು, ಮೂರನೆಯದು ಒಪ್ಪಿಕೊಂಡಿತು.
ಕ್ಯಾರಿಯರಿನ ಎಡಕ್ಕೊಂದು ಚೀಲ, ಬಲಕ್ಕೊಂದು,
ಎತ್ತಿನ ಬೆನ್ನ ಮೇಲಿನ ಹೇರಿನಂತೆ ಸಮ ತೂಗಬೇಕು.
ಇಲ್ಲದಿದ್ದರೆ ಮನ್ನಾಎಖೇಳ್ಳಿ ದಾಟುವ ಮೊದಲೇ
ಸೈಕಲ್ಲು ಒಂದೇ ಕಡೆಯವರ ಮಾತು ಕೇಳುತ್ತದೆ.

ಕಸ್ತೂರಬಾಯಿ ಬಂದಳು.
ಮೂವತ್ತು ವರ್ಷ ಹಳ್ಳಿ ಹಳ್ಳಿ ತಿರುಗಿ ಹೆರಿಗೆ ಮಾಡಿಸಿದವಳು.
"ಚೀಲ ಆಮ್ಯಾಲ ಹೊಲಿ, ಮೊದಲ ಮೊಳಕಾಲ ತೋರ್ಸು."
ಬಸಿರಿಯ ಹೊಟ್ಟೆ ಮುಟ್ಟುವಂತೆ ಮುಟ್ಟಿದಳು,
ಒಳಗೇನೋ ಮಿಸುಕೀತು ಎಂದು ಕಾಯುತ್ತ.
"ಇಪ್ಪತ್ತಾರು ವರ್ಷ ಪೆಡಲ್ ತುಳದೀ,
ಒಂದ ಗೇಣೂ ಮುಂದ ಹೋಗಿಲ್ಲಲ್ಲ!"

ಆ ರಾತ್ರಿ ನಾನು ನಗಲೂ ಇಲ್ಲ, ಮಲಗಲೂ ಇಲ್ಲ.

ಮರುದಿನದಿಂದ ಪಾಪನಾಶದ ಏರು.
ಬೆನ್ನಿನ ಚೀಲದಲ್ಲಿ ಐದು ಕಿಲೋ ಜೋಳ,
ಎರಡನೇ ವಾರ ಎಂಟು.
"ಬೀಸಾಕ ಹೊಂಟೀರೇನ್ರಿ?" ಹಾಲಿನವ ದಿನಾ ಕೇಳುತ್ತಾನೆ.
ಹೊತ್ತು ಹತ್ತುತ್ತೇನೆ, ಹೊತ್ತೇ ಇಳಿಯುತ್ತೇನೆ.
ಇಷ್ಟು ಸಲ ದಿಬ್ಬ ಕಂಡ ಜೋಳ
ಬೀದರ ಜಿಲ್ಲೆಯಲ್ಲಿ ಬೇರೆ ಇರಲಿಕ್ಕಿಲ್ಲ.

ಹೊಸ ಕ್ಯಾನ್ವಾಸ್ ಬೂಟು ಹಿಮ್ಮಡಿ ತಿಂದಿತು.
ಎರಡು ಕಾಲುಚೀಲ, ನಡುವೆ ಕೊಬ್ಬರಿ ಎಣ್ಣೆ.
ಕೂರುವ ಜಾಗದ ನೋವನ್ನು ಮಾತ್ರ
ಯಾರೆದುರು ಬಿಚ್ಚಿ ಹೇಳಲಿ?
ಹಳೇ ಕೌದಿ ಕತ್ತರಿಸಿ, ಎರಡು ಪದರ ಒಳಗಿಟ್ಟು
ನನ್ನ ಚಡ್ಡಿ ನಾನೇ ಹೊಲಿದೆ, ಬಾಗಿಲು ಹಾಕಿಕೊಂಡು.
ಕಸ್ತೂರಬಾಯಿಗೂ ಒಂದು. ಅಳತೆ ಕೊಡುವಾಗ
ಅವಳ ನಾಚಿಕೆ ನೋಡಬೇಕಿತ್ತು, ಊರೆಲ್ಲರ ಗುಟ್ಟು ಕಂಡವಳದು.

ಇವರು ರಿಟೈರಾದ ಕಂಡಕ್ಟರು.
ಹೋಗು ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ.
ಒಂದು ಸಂಜೆ ಹಳೇ ಟಿಕೆಟ್ ರೋಲು ಬಿಚ್ಚಿ, ಹಿಂಬದಿಯಲ್ಲಿ
ಚಿಂಚೋಳಿ, ಸೇಡಂ, ಯಾದಗಿರಿ, ಶಹಾಪುರ ಎಂದು ಬರೆದರು.
ಒಂದೊಂದರ ಪಕ್ಕ: ಇಲ್ಲಿ ನೀರು ಸಿಹಿ. ಇಲ್ಲಿ ನಾಯಿ ಅಟ್ಟುತ್ತವೆ.
ಇಲ್ಲಿ ಮೆಕ್ಯಾನಿಕ್ ಸಿಗುತ್ತಾನೆ, ಶುಕ್ರವಾರ ಮಧ್ಯಾಹ್ನ ಇಲ್ಲ.
ಕೊನೆಗೆ, ಚಿಲ್ಲರೆ ಉಳಿಸಿಕೊಂಡವರಂತೆ ತಡೆದು,
ಶಹಾಪುರದ ಗುಡ್ಡ ಹತ್ತುವಾಗ ಮೆಲ್ಲಗೆ.

ಕಿರಾಣಿಯವರ ಕಾಂಟಾದ ಮೇಲೆ ಎರಡೂ ಚೀಲ: ಹತ್ತೊಂಬತ್ತು ಕಿಲೋ.
ತೊಗರಿ ಕೊಳ್ಳಲು ಬಂದವರು ಸುತ್ತ ನಿಂತು ತೀರ್ಪು ಕೊಟ್ಟರು.
ಕನ್ನಡಿ ಹೊರಗೆ. ಎರಡನೇ ಸ್ವೆಟರು ಹೊರಗೆ.
ಸ್ಟೋವು ಇರಲಿ, ಪಂಕ್ಚರ್ ಸಾಮಾನು ಇರಲಿ,
ಉಪ್ಪುಸಕ್ಕರೆಯ ಪುಡಿ ಇಪ್ಪತ್ತು ಪ್ಯಾಕೀಟು, ಸರ್ಕಾರಿ.
ಹದಿಮೂರಕ್ಕೆ ಮುಳ್ಳು ನಿಂತಾಗ
ಕಸ್ತೂರಬಾಯಿ ನನ್ನ ಕೊರಳ ಟೇಪಿಗೆ ಕೈ ಹಾಕಿದಳು.
ಅದೊಂದು ಬೇಡ ಎಂದೆ.

ಮನೆಗೆ ಬಂದು ಅದೇ ಟೇಪು ತೊಡೆಗೆ ಸುತ್ತಿದೆ:
ಮುಕ್ಕಾಲು ಇಂಚು ಹೆಚ್ಚು.
ಪ್ರತಿ ಜಂಪರಿನ ಒಳಗೂ ಮಾರ್ಜಿನ್ನು ಬಿಡುತ್ತೇನೆ,
ನಾಳೆ ಮೈ ಬೆಳೆದರೆ ಬಿಚ್ಚಿಕೊಳ್ಳಲಿ ಎಂದು.
ನಲವತ್ತೊಂಬತ್ತು ವರ್ಷ
ನನ್ನೊಳಗೆ ಇಷ್ಟು ಬಟ್ಟೆ ಮಡಚಿ ಬಿಟ್ಟವರು ಯಾರೋ,
ದಾರ ಕಿತ್ತು ನೋಡಿರಲಿಲ್ಲ.

"ಕಾಲಿಗೆ ಚಕ್ರ ಕಟ್ಟಿಕೊಂಡಾಳ" ಎಂದಳು ಎದುರು ಮನೆಯವಳು.
ಹೌದು ಮಾರಾಯ್ತಿ, ಎಣ್ಣೆಯೂ ಬಿಟ್ಟಾಗಿದೆ.

ಇಂದು ಆ ಜೋಳ ಬೀಸಿಸಿದೆ.
ನಾಲ್ವತ್ತು ಕಟಕ ರೊಟ್ಟಿ, ಒಂದು ಡಬ್ಬಿ ಗುರೆಳ್ಳು ಹಿಂಡಿ.
ಏರುವುದು ಗೊತ್ತಿರುವ ರೊಟ್ಟಿ, ಕಟ್ಟಿ ಇಟ್ಟಿದ್ದೇನೆ.
ಹೋಗುವಾಗ ಹೆಚ್ಚಾಗಿ ಇಳಿಜಾರು ಅನ್ನುತ್ತಾರೆ ಇವರು,
ಇಷ್ಟೆಲ್ಲ ತಯಾರಿ ಬರುವಾಗಿನದಕ್ಕೆ.

ಬೆಳಗಿನ ನಾಲ್ಕಕ್ಕೆ ಕಸ್ತೂರಬಾಯಿ ಬೆಲ್ಲು ಹೊಡೆಯುತ್ತಾಳೆ.
ಮಷಿನ್ನಿನ ಬೆಲ್ಟು ಬಿಚ್ಚಿಟ್ಟೆ.
ಪೆಡಲಿನ ಮೇಲೆ ಕಾಲಿಟ್ಟು ಒಮ್ಮೆ ಒತ್ತಿದೆ.
ಏನೂ ತಿರುಗಲಿಲ್ಲ.