ಒತ್ತು

ಹಲ್ಲಿನ ಲ್ಯಾಬಿನ ದೇಚಕ್ಕ ಬಸ್ಸು ಮಾಡಿದ್ದಾಳೆ.
ಗೇಣುದ್ದದ್ದು. ಮೈ ಹಲ್ಲಿನ ಅಚ್ಚಿನ ರಾಳ,
ಸೀಟುಗಳು ದವಡೆ ಕೂರಿಸುವ ಗುಲಾಬಿ ಮೇಣ.
ಹಿಂದಿನ ಏಣಿ, ಟಾಪಿನ ಕಂಬಿ,
ಡ್ರೈವರನ ಬಾಗಿಲ ಗೀರು ಕೂಡ ಅದೇ.
ಬಣ್ಣ ಮಾತ್ರ ನಾನು ಹೇಳಿದ್ದು:
ಕೆಂಪಿಗೆ ಒಂದು ಹನಿ ಕಪ್ಪು, ಧೂಳು ಕಾಣದ ಹಾಗೆ.

"ಇನ್ನಾಸಪ್ಪಣ್ಣ, ಹೆಸರು ನೀವೇ ಕೂರಿಸಬೇಕು."

ಕೂರಿಸುವುದಂತೆ.
ಮಲಬಾರ್ ರಸ್ತೆಯ ಶೆಡ್ಡಿನಲ್ಲಿ ನಾನು ಹೆಸರು ಬರೆಯುತ್ತಿದ್ದವನು.
ಚಾಕ್‌ಪೀಸು, ದಾರ, ಅಳಿಲುಕೂದಲಿನ ಕುಂಚ,
ಎಡಗೈ ಮೇಲೆ ಬಲಗೈ, ಉಸಿರು ಹಿಡಿದು ಒಂದೇ ಎಳೆತ.
ಈಗ ಕೈ ಕುಂಚಕ್ಕಿಂತ ಮೊದಲೇ ಹೊರಡುತ್ತದೆ.

ಹಳೆಯ ಫೋಟೋದಿಂದ ನನ್ನದೇ ಅಕ್ಷರ ಎತ್ತಿ
ಕಿರುಬೆರಳಿನ ಉಗುರಿನಷ್ಟಕ್ಕೆ ಇಳಿಸಿ
ಮೈಸೂರಿನಲ್ಲಿ ಅಚ್ಚು ಹಾಕಿಸಿ ತಂದಿದ್ದಾಳೆ:
ಬೆಳ್ಳಿಚುಕ್ಕಿ.
ನನ್ನ ಚ ಇದು. ಹೊಟ್ಟೆ ಸ್ವಲ್ಪ ಮುಂದೆ.

ಬಟ್ಟಲಲ್ಲಿ ಉಗುರುಬೆಚ್ಚಗಿನ ನೀರು.
ಕಾಗದ ಮುಳುಗಿ ಸುರುಳಿಯಾಗಿ ಮತ್ತೆ ಬಿಚ್ಚಿಕೊಳ್ಳುತ್ತದೆ.
ನಲವತ್ತು ಎಣಿಸಿ ಎನ್ನುತ್ತಾಳೆ. ನಾನು ಸ್ಟಾಪು ಎಣಿಸುತ್ತೇನೆ:
ಗಡಿಯಾರ ಕಂಬ, ಬಿಟ್ಟಂಗಾಲ, ಗೋಣಿಕೊಪ್ಪ,
ಪೊನ್ನಂಪೇಟೆ, ಹುದಿಕೇರಿ,
ಶ್ರೀಮಂಗಲ ಬರುವಷ್ಟರಲ್ಲಿ ಅಕ್ಷರ ಕಾಗದ ಬಿಟ್ಟಿತು.

ಕೆಂಪಿನ ಮೇಲೆ ತೇಲುತ್ತಿದೆ.
ಬೆರಳು ನಡುಗಿದರೆ ಹೆಸರೂ ನಡುಗುತ್ತದೆ,
ಆದರೆ ಸರಿಸಲು ಬಿಡುತ್ತದೆ, ಮತ್ತೆ ಸರಿಸಲು ಬಿಡುತ್ತದೆ.
ಎನಾಮಲ್ ನನ್ನನ್ನು ಎಂದೂ ಇಷ್ಟು ಕ್ಷಮಿಸಿರಲಿಲ್ಲ.
"ಒತ್ತಬೇಡಿ ಅಣ್ಣ. ನೀರು ತಾನೇ ಹೋಗಲಿ."
ಹತ್ತಿಕಡ್ಡಿ, ಒಳಗಿನಿಂದ ಹೊರಗೆ.

ಒಣಗಿದ ಮೇಲೆ ಓರೆ ಬೆಳಕಿಗೆ ಹಿಡಿದೆ.
ಸುತ್ತ ಒಂದು ಪೊರೆ,
ಅಕ್ಷರಕ್ಕೆ ಪ್ಲಾಸ್ಟಿಕ್ ಚೀಲ ತೊಡಿಸಿದ ಹಾಗೆ.
ಒಳಗೆ ಗಾಳಿ ಸಿಕ್ಕ ಕಡೆ ಬಿಳಿಯ ಮಿನುಗು:
ಬೆಳ್ಳಿಚುಕ್ಕಿಗೆ ನಾನು ಕೊಡದ ಬೆಳ್ಳಿ.
ಇದನ್ನು ಬರೆದದ್ದು ಎಂದು ಯಾರು ನಂಬುತ್ತಾರೆ?
"ಅದು ಹೊತ್ತು ತಂದದ್ದು ಅಷ್ಟೇ," ಎಂದಳು, "ನಾಳೆ ತೆಗೆಯೋಣ."

ಒಂದು ರಾತ್ರಿ ಬಸ್ಸು ಮೇಜಿನ ಮೇಲೆ ನಿಂತಿತ್ತು,
ಯಾರದೋ ಮೇಲ್ದವಡೆಯ ಪಕ್ಕದಲ್ಲಿ.

ಮರುದಿನ ಟರ್ಪೆಂಟೈನ್. ಕಣ್ಣಿಗಿಂತ ಮೊದಲು ನನ್ನ ಮೂಗು ಎದ್ದು ನಿಂತಿತು.
ನೆನೆಸಿ, ಕಾದು, ಇಕ್ಕಳದಿಂದ ಮೂಲೆ ಹಿಡಿದಳು.
ನೀರುಳ್ಳಿ ಪದರದ ಒಳಸಿಪ್ಪೆಯ ಹಾಗೆ ಪೊರೆ ಎದ್ದಿತು.
ಬೆ ಉಳಿಯಿತು. ಚುಕ್ಕಿ ಉಳಿಯಿತು.
ಕೆಂಪಿನೊಳಗೆ ಕೆಂಪಿನದೇ ಆಗಿ, ಬರೆದ ಹಾಗೆ.
ಉಸಿರು ಬಿಟ್ಟೆ. ಆಗ ನೋಡಿದೆ,
ಳಿ ಕೆಳಗೆ ಖಾಲಿ.
ಒತ್ತು ಪೊರೆಯ ಜೊತೆ ಹೋಗಿದೆ.

ಬೆಳಿಚುಕ್ಕಿ.

ಇನ್ನೊಂದು ಹಾಳೆ ಇಲ್ಲ. ದೇಚಕ್ಕನ ಮುಖ ಸಣ್ಣದಾಯಿತು.
ಅತಿ ಸಣ್ಣ ಕುಂಚ ಕೇಳಿದೆ, ಕೈ ನೋಡಿಕೊಂಡೆ, ಕೆಳಗಿಟ್ಟೆ.

ಆಮೇಲೆ ನೆನಪಾದ, ಕಂಡಕ್ಟರ್ ಮೊಯ್ದು.
ಫುಟ್‌ಬೋರ್ಡಿನಲ್ಲಿ ಒಂದು ಕಾಲು, ಬೀಡಿಯ ಕಡೆಯ ದಮ್ಮು,
"ಬೆಳಿಚುಕಿ ಬೆಳಿಚುಕಿ, ಕುಟ್ಟ ಕುಟ್ಟ ಕುಟ್ಟ!"
ಕುಟ್ಟಕ್ಕೆ ಸಿಕ್ಕ ಒತ್ತು ನನ್ನ ಹೆಸರಿಗೆ
ಇಪ್ಪತ್ತೆರಡು ವರ್ಷ ಒಂದು ದಿನವೂ ಸಿಗಲಿಲ್ಲ.
ಎಷ್ಟು ಜಗಳ! ಆ ಒತ್ತಿಗೇ ಅರ್ಧ ಗಂಟೆ ಹಿಡಿದಿದೆ ಮಾರಾಯ, ಎಂದರೆ
ಟಿಕೆಟು ಹರಿಯುತ್ತಾ ಅವನು,
"ಒಳಗೆ ಹತ್ತಿ ಪೇಂಟರೇ, ಒತ್ತು ಬೇಕಾದಷ್ಟಿದೆ."

ಇರಲಿ ಬಿಡು, ಎಂದೆ.
ಮೊಯ್ದುವಿನ ಲೆಕ್ಕದಲ್ಲಿ ಇನ್ನೂ ಒಂದು ಹೆಚ್ಚೇ ಇದೆ.
ಅವಳೂ ಅದರಲ್ಲೇ ಶಾಲೆಗೆ ಹೋದವಳು.
ಮೆಲ್ಲಗೆ ಹೇಳಿ ನೋಡಿದಳು, ಬೆಳಿಚುಕಿ,
ಮೇಜನ್ನು ಎರಡು ಸಲ ತಟ್ಟಿದಳು,
ರೈಟ್ ಅನ್ನುವ ಹಾಗೆ.

ಇಕ್ಕಳದ ತುದಿಯಲ್ಲಿ ಪೊರೆ ಇನ್ನೂ ಇತ್ತು,
ಒಂದೇ ಒಂದು ಒತ್ತು ಹೊತ್ತುಕೊಂಡು.
ಹೆಬ್ಬೆರಳ ಉಗುರಿಗೆ ಹಚ್ಚಿಕೊಂಡೆ. ಒತ್ತಿದೆ.

ಸಂಜೆ ಮಾರ್ಕೆಟಿನಲ್ಲಿ ಮತ್ತಿ ಆರಿಸುವಾಗ
ಮೀನಿನವಳು ಕೇಳಿದಳು, ಉಗುರಿಗೆ ಏನಾಯಿತು ಪೇಂಟರೇ?

ಬಣ್ಣ, ಎಂದೆ.